ಮಲಗಿಕೊಂಡೇ ಆಡಬೇಕಾದ ಆಟಗಳು

ಓದುವವರಿಗೆಲ್ಲ ನಮಸ್ಕಾರ. ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಅಕ್ಷರ ಕಲಿತದ್ದು ಮೀಸೆ ಮೂಡಿದ ಮೇಲೆ. ನಾಲ್ಕನೇ ಕ್ಲಾಸಿನ ಬೆಂಚಿನಲ್ಲಿ ನನ್ನ ಮೊಣಕಾಲು ಹಿಡಿಸುತ್ತಿರಲಿಲ್ಲ. ಒಂದು ಕಾಲನ್ನು ದಾರಿಗೆ ಚಾಚಿ ಕೂರುತ್ತಿದ್ದೆ, ಚಿಕ್ಕ ಮಕ್ಕಳು ಅದಕ್ಕೆ ಎಡವಿ ಬೀಳುತ್ತಿದ್ದರು. ಈಗ ನಮ್ಮ ಜೇನು ಸೊಸೈಟಿಯ ಡಿಪೋಕ್ಕೆ ಕನ್ನಡದ ಟೈಪ್‌ರೈಟರ್ ಬಂದಿದೆ. ಭಾನುವಾರ ಅದರ ಮುಂದೆ ಕೂರಲು ಮೇನೇಜರು ಒಪ್ಪಿದ್ದಾರೆ. ಒಂದೇ ಬೆರಳಿನಲ್ಲಿ ಹೊಡೆಯುವವನು ನಾನು. ಒತ್ತಕ್ಷರ ತನ್ನ ಜಾಗದಲ್ಲಿ ಕೂರದೆ ಪಕ್ಕದ ಮನೆಗೆ ಹೋಗಿ ಕೂತಿದ್ದರೆ ನೀವೇ ದಯವಿಟ್ಟು ಕೈಹಿಡಿದು ಕರೆತನ್ನಿ.

ಮೊನ್ನೆ ಅಡಿಗೆಮನೆಯಲ್ಲಿ ಇಲಿ ಸತ್ತ ವಾಸನೆ ಬಂತೆಂದು ಅಕ್ಕಿಯ ಡಬ್ಬ ಸರಿಸಿದೆ. ಇಲಿ ಸಿಗಲಿಲ್ಲ. ಒಂದು ಹಸಿರು ಗಾಜಿನ ಗೋಲಿ ಉರುಳಿಕೊಂಡು ಬಂದು ನನ್ನ ಹೆಬ್ಬೆರಳಿಗೆ ತಾಗಿ ನಿಂತಿತು. ಅದನ್ನು ಕೈಯಲ್ಲಿ ಹಿಡಿದು ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟೆ. ಇಲಿಯ ವಿಚಾರ ಮರೆತೇ ಹೋಯಿತು.

ವಾಚನಾಲಯಕ್ಕೆ ಬರುವ ಪೇಪರುಗಳಲ್ಲಿ ವರ್ಷ ಮುಗಿಯುವಾಗ ಆ ವರ್ಷದ ಒಳ್ಳೆಯ ಸಿನಿಮಾ ಯಾವುದು, ಒಳ್ಳೆಯ ಕ್ರಿಕೆಟ್ ಆಟಗಾರ ಯಾರು ಎಂದೆಲ್ಲ ಬರೆಯುತ್ತಾರೆ. ಹಲಗೆಯ ಮೇಲೆ ಕಾಯಿ ನಡೆಸುವ ಆಟಗಳ ಬಗ್ಗೆ ಯಾರೂ ಬರೆದದ್ದನ್ನು ನಾನು ನೋಡಿಲ್ಲ. ಆ ಕೆಲಸವನ್ನು ನಾನೇ ಮಾಡೋಣವೆಂದು ಕೂತಿದ್ದೇನೆ. ಯಾಕೆಂದರೆ ಕೊಡಗು ಮೈಸೂರು ರಾಜ್ಯಕ್ಕೆ ಸೇರಿ, ನಮ್ಮದು ಸ್ಟೇಟ್ ಹೋಗಿ ಡಿಸ್ಟ್ರಿಕ್ಟ್ ಆದ ಸ್ವಲ್ಪ ಕಾಲದಲ್ಲೇ, ಒಂದೇ ವರ್ಷದೊಳಗೆ ನಮ್ಮ ಮನೆಗೆ ಎಲ್ಲ ಜಾತಿಯ ಹೊಸ ಆಟಗಳು ಬಂದವು. ಕೈಚಳಕದ್ದು ಬಂತು, ಅದೃಷ್ಟದ್ದು ಬಂತು, ತಲೆ ಓಡಿಸುವಂಥದ್ದು ಬಂತು, ವ್ಯಾಪಾರದ್ದೂ ಬಂತು. ಎಲ್ಲದಕ್ಕೂ ನಾನು ಇಟ್ಟ ಪರೀಕ್ಷೆ ಒಂದೇ: ಮಲಗಿಕೊಂಡು ಆಡಲಾಗುತ್ತದೋ ಇಲ್ಲವೋ.

ಮಲಗಬೇಕಾಗಿದ್ದವಳು ನನ್ನ ಹೆಂಡತಿ ಜಾನಕಿ.

ಅದಕ್ಕೆ ಮೊದಲು ಎರಡು ಸಲ ನಮ್ಮ ಮನೆಯಲ್ಲಿ ಆಸೆ ಹುಟ್ಟಿ ನಾಲ್ಕೈದು ತಿಂಗಳಲ್ಲಿ ಹೋಗಿತ್ತು. ಮೂರನೆಯ ಸಲ, ತುಲಾ ಸಂಕ್ರಮಣ ಕಳೆದ ಸ್ವಲ್ಪ ದಿನಕ್ಕೆ, ಮತ್ತೆ ಸೀರೆಯಲ್ಲಿ ಕಲೆ ಕಂಡಿತು. ಮಡಿಕೇರಿಯಿಂದ ಡಾಕ್ಟರಮ್ಮ ಬಂದು ನೋಡಿದರು. ಮಂಚದ ಕಾಲಿನ ಕಡೆಗೆ ಎರಡೆರಡು ಇಟ್ಟಿಗೆ ಇಡಿಸಿದರು, ತಲೆ ತಗ್ಗು, ಕಾಲು ಎತ್ತರ. ನಾನು ಹೇಳುವವರೆಗೆ ಏಳುವಂತಿಲ್ಲ, ಕೂರುವಂತೆಯೂ ಇಲ್ಲ, ಎಲ್ಲವೂ ಮಂಚದ ಮೇಲೆಯೇ ಎಂದರು. ಹೊರಗೆ ಬಂದು ಕಾರಿನ ಬಾಗಿಲು ಹಿಡಿದು ನಿಂತು ನನಗೆ ಮಾತ್ರ ಕೇಳುವ ಹಾಗೆ ಇನ್ನೊಂದು ಮಾತು ಹೇಳಿದರು. "ನನ್ನ ಹತ್ತಿರ ಇದಕ್ಕೆ ಮದ್ದಿಲ್ಲ. ಮಲಗುವುದೇ ಮದ್ದು. ಅವಳನ್ನು ಮಲಗಿಸುವುದು ನಿಮ್ಮ ಕೆಲಸ."

ಜಾನಕಿಯನ್ನು ಮಲಗಿಸುವ ಕೆಲಸ ಎಂಥದ್ದೆಂದು ಡಾಕ್ಟರಮ್ಮನಿಗೆ ಗೊತ್ತಿರಲಿಲ್ಲ. ಅವಳು ಬೆಳೆದದ್ದು ಚೆಂಬು ಎಂಬ ಊರಿನಲ್ಲಿ, ಕೋಳಿ ಕೂಗುವ ಮೊದಲೇ ಹೆಂಗಸರು ಸೊಪ್ಪಿನ ಹೊರೆ ಹೊತ್ತುಬರುವ ಮನೆಯಲ್ಲಿ. ಹಗಲಲ್ಲಿ ಮಲಗುವವರು ಎರಡೇ ಜಾತಿ, ಜ್ವರದವರು ಮತ್ತು ಜಮೀನ್ದಾರರು ಎಂದು ಅವಳ ಲೆಕ್ಕ. ಮೊದಲ ವಾರ ನಾನು ಡಿಪೋಕ್ಕೆ ಹೋದ ಹೊತ್ತು ನೋಡಿ ಎದ್ದು, ಉಕ್ಕುತ್ತಿದ್ದ ಗಂಜಿಯ ಪಾತ್ರೆ ಇಳಿಸಿದಳು. ಅಷ್ಟೇ ಮಾಡಿದ್ದು. ಸಂಜೆ ಮತ್ತೆ ಕಲೆ ಕಂಡಿತು. ಆಮೇಲೆ ಹೆದರಿ ಮಲಗಿದಳು, ಆದರೆ ಅವಳ ಕೈ ಮಲಗಲಿಲ್ಲ. ಸೀರೆಯ ಸೆರಗನ್ನು ಮಡಿಸುವುದು, ಬಿಚ್ಚುವುದು, ಮತ್ತೆ ಮಡಿಸುವುದು.

ಪುಸ್ತಕ ಓದಿ ಹೇಳೋಣವೆಂದು ಕೂತೆ. ನನ್ನ ಓದು ಎತ್ತಿನ ಗಾಡಿ. ಏಳನೇ ಕ್ಲಾಸು ಓದಿದ ಅವಳು ಪ್ರತಿ ಸಾಲಿನ ಕೊನೆಯನ್ನು ನನಗಿಂತ ಮೊದಲೇ ಹೇಳಿ ಮುಗಿಸುತ್ತಿದ್ದಳು. ಕಥೆಯಲ್ಲಿ ರಾಜ ಕಾಡಿಗೆ ಹೊರಟರೆ ಅವನು ಹೊಸಿಲು ದಾಟುವಷ್ಟರಲ್ಲಿ ಇವಳು ಎದ್ದು ಕೂರುವ ಹವಣಿಕೆಯಲ್ಲಿರುತ್ತಿದ್ದಳು.

ಹೊತ್ತಿಗೆ ಸರಿಯಾಗಿ ಅವಳ ಅಕ್ಕ ಪೂವಮ್ಮಕ್ಕ ಬಂದಿಳಿದಳು. ದೊಡ್ಡ ದನಿಯ, ದೊಡ್ಡ ಕೈಯ ಹೆಂಗಸು. ಅಡಿಗೆಮನೆ ಅವಳ ವಶವಾಯಿತು. ಜಾನಕಿಯ ಮುಖದಲ್ಲಿ ಮೊದಲ ಸಲ ಬೆಳಕು ಬಂತು. ಅಟ್ಟದ ಮೇಲೆ ಅತ್ತೆಯ ಚೆನ್ನೆಮಣೆ ಇದೆ, ಇಳಿಸು, ಆಡೋಣ ಎಂದಳು.

ಚೆನ್ನೆಮಣೆ ಗೊತ್ತಿಲ್ಲದವರಿಗೆ ಒಂದು ಮಾತು. ಅದೊಂದು ಮರದ ಹಲಗೆ, ಎರಡು ಸಾಲು ಗುಳಿ, ಗುಳಿಗಳಲ್ಲಿ ಮಂಜೊಟ್ಟಿ ಕಾಳು. ಒಂದು ಗುಳಿಯ ಕಾಳನ್ನು ಮುಷ್ಟಿಗೆ ತೆಗೆದು ಮುಂದಿನ ಗುಳಿಗಳಿಗೆ ಒಂದೊಂದೇ ಬಿತ್ತುತ್ತ ಹೋಗಬೇಕು. ನಮ್ಮ ಕಡೆ ಅದನ್ನು ಮಳೆಗಾಲದ ಆಟಿ ತಿಂಗಳಲ್ಲಿ ಮಾತ್ರ ಆಡುವುದು. ಆಟಿ ಕಳೆದರೆ ಮಣೆ ಅಟ್ಟಕ್ಕೆ ಹೋಯಿತು, ಮುಂದಿನ ಆಟಿಯವರೆಗೆ ಇಳಿಸಿದರೆ ಕೇಡು. ಇನ್ನೊಂದು ಕಟ್ಟಳೆಯೂ ಉಂಟು. ಒಡಹುಟ್ಟಿದ ಅಕ್ಕ ತಂಗಿಯರು ಎದುರು ಬದುರು ಕೂತು ಚೆನ್ನೆ ಆಡಬಾರದು.

ಪೂವಮ್ಮಕ್ಕ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು. "ಆಟಿ ಅಲ್ಲ, ಎಂತ ಅಲ್ಲ. ಅದೂ ನಾನ್-ನೀನ್? ಅಕ್ಕ ತಂಗಿ ಚೆನ್ನೆಗೆ ಕೂತರೆ ಒಬ್ಬಳೇ ಏಳ್‌ದು. ಗೊತ್ತುಟ್ಟಲ್ಲ ನಿಂಗೆ."

ಜಾನಕಿ ಗೋಡೆಯ ಕಡೆ ತಿರುಗಿದಳು. ಸೆರಗಿನ ಮಡಿಕೆ ಮತ್ತೆ ಶುರುವಾಯಿತು.

ಹಳೆಯ ಆಟಕ್ಕೆ ಬಾಗಿಲು ಹಾಕಿತ್ತು. ಹಾಗಾಗಿ ನಾನು ಹೊಸದನ್ನು ಹುಡುಕಿಕೊಂಡು ಅಬ್ದುಲ್ಲ ಕಾಕನ ಅಂಗಡಿಗೆ ಹೋದೆ. ನಮ್ಮ ನಾಪೋಕ್ಲು ಪೇಟೆಯಲ್ಲಿ ಕಾಕನ ಅಂಗಡಿಯಲ್ಲಿ ಸಿಗದ್ದು ಯಾರಿಗೂ ಬೇಕಾಗಿರುತ್ತಿರಲಿಲ್ಲ. ಲಾಟೀನು ಗಾಜು, ಕೊಡೆ, ಕಾಫಿ ಪಿಕ್ಕಿಂಗಿನ ಬುಟ್ಟಿ, ಮೇಲಿನ ಸಾಲಿನಲ್ಲಿ ಆಟದ ಡಬ್ಬಿಗಳು. ನಾನು ಡಿಪೋದಲ್ಲಿ ಜೇನು ತೂಗುವವನು, ಆದರೂ ಅವರು ನನ್ನನ್ನು ಕರೆಯುವುದು, ಗುಮಾಸ್ತರನ್ನು ಕರೆದಂತೆ, ರೈಟ್ರೆ ಎಂದೇ. ವಿಷಯ ಹೇಳಿದೆ. ಅವರು ನಗಲಿಲ್ಲ. ಸ್ಟೂಲು ಹತ್ತಿ ಧೂಳು ಒರೆಸುತ್ತ, ಮಲಗಿದವರಿಗೆ ಅಂತ ಯಾವ ಕಂಪೆನಿಯೂ ಆಟ ಮಾಡುವುದಿಲ್ಲ, ಒಂದೊಂದೇ ಕೊಂಡುಹೋಗಿ ನೋಡಿ, ಆಗದಿದ್ದರೆ ವಾಪಸು ತನ್ನಿ ಎಂದರು.

ಮೊದಲು ಬಂದದ್ದು ಕೇರಂ. ಕೈಚಳಕದ ಆಟಗಳಲ್ಲಿ ನನ್ನ ಮೆಚ್ಚಿನದು ಈಗಲೂ ಅದೇ. ಆದರೆ ನಮ್ಮ ಮನೆಯಲ್ಲಿ ಅದರ ಆಯುಷ್ಯ ಒಂದು ಮಧ್ಯಾಹ್ನ. ಬೋರ್ಡನ್ನು ಮಂಚದ ಪಕ್ಕ ಎರಡು ಜೇನಿನ ಡಬ್ಬದ ಮೇಲೆ ಇಟ್ಟೆವು. ಜಾನಕಿ ಮಗ್ಗುಲಾಗಿ ಮಲಗಿ ಹೊಡೆದಳು. ಚೆನ್ನಾಗಿಯೇ ಹೊಡೆದಳು, ಮೊದಲ ಸಲ ಕೇರಂ ಮುಟ್ಟಿದವಳೆಂದು ನಂಬುವುದು ಕಷ್ಟ. ಕೆಂಪು ಕಾಯಿ ಮೂಲೆಯ ಹತ್ತಿರ ಬಂದು ನಿಂತಾಗ ಅವಳು ತಿಳಿಯದೆಯೇ ಮೊಣಕೈ ಊರಿ ಎದ್ದಿದ್ದಳು, ಸೊಂಟದವರೆಗೆ. ಪೂವಮ್ಮಕ್ಕ ಅವಳ ಭುಜ ಹಿಡಿದು ಒತ್ತಿ ಮಲಗಿಸಿದಳು. ಏನೂ ಆಗಲಿಲ್ಲವೆಂದು ಗೊತ್ತಾಗುವವರೆಗೆ, ಅಂದರೆ ಮರುದಿನ ಬೆಳಗಿನವರೆಗೆ, ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಉಸಿರಾಡಲಿಲ್ಲ. ಬೆಳಿಗ್ಗೆ ಬೋರ್ಡನ್ನು ತಲೆಯ ಮೇಲೆ ಹೊತ್ತು ಕಾಕನಿಗೆ ಕೊಟ್ಟು ಬಂದೆ.

ಆಮೇಲೆ ಲೂಡೋ. ಇಲ್ಲಿ ನಾನು ಸ್ವಲ್ಪ ಹೆಚ್ಚು ಹೇಳಿಕೊಂಡರೆ ಬೇಸರ ಮಾಡಬೇಡಿ, ಬದುಕಿನಲ್ಲಿ ನಾನು ಕಂಡುಹಿಡಿದದ್ದು ಅದೊಂದೇ. ಅಂಗಾತ ಮಲಗಿದವಳಿಗೆ ಕಾಣುವುದು ಮೇಲಿನ ತೊಲೆ ಮಾತ್ರ ತಾನೆ? ಹಾಗಾದರೆ ಆಟ ಅಲ್ಲೇ ಇರಬೇಕು. ಲೂಡೋದ ರಟ್ಟನ್ನು ಒಂದು ಹಲಗೆಗೆ ಹೊಡೆದು, ಹಗ್ಗ ಕಟ್ಟಿ, ತೊಲೆಯಿಂದ ಅವಳ ಎದೆಯ ಮೇಲೆ ಕೈಗೆ ಎಟುಕುವಷ್ಟು ಎತ್ತರದಲ್ಲಿ, ಸ್ವಲ್ಪ ಓರೆಯಾಗಿ, ಮುಖ ಅವಳ ಕಡೆಗೆ ಮಾಡಿ ತೂಗಿಸಿದೆ. ಕಾಯಿಗಳು ಬೀಳದಂತೆ ಬುಡಕ್ಕೆ ಜೇನುಮೇಣ ಹಚ್ಚಿದೆ. ಡಿಪೋದಲ್ಲಿ ಕೆಲಸ ಮಾಡಿದವನಿಗೆ ಮೇಣದ ಗುಣ ಗೊತ್ತಿರುತ್ತದೆ. ಒತ್ತಿದರೆ ಅಂಟಬೇಕು, ಎಳೆದರೆ ಬಿಡಬೇಕು, ಅಷ್ಟು ಹದ. ಮಧ್ಯಾಹ್ನ ಹಂಚು ಕಾದರೆ ಮಾತ್ರ ಮೇಣ ಮೆದುವಾಗಿ ಕಾಯಿಗಳು ತಾವಾಗಿಯೇ ಒಂದೊಂದು ಮನೆ ಕೆಳಗೆ ಜಾರುತ್ತಿದ್ದವು. ಸೂರ್ಯ ನಡೆಸಿದ್ದು ಲೆಕ್ಕಕ್ಕಿಲ್ಲ ಎಂದು ಪೂವಮ್ಮಕ್ಕ ತೀರ್ಪು ಕೊಟ್ಟಿದ್ದಳು. ಅವಳ ಕಾಯಿ ಮುಂದಕ್ಕೆ ಜಾರಿದ ದಿನ ಆ ತೀರ್ಪು ಇರಲಿಲ್ಲ.

ದಾಳ ಹಾಕುವಾಗ ಒಂದು ದಿನ ಅದು ಮಂಚದ ಅಡಿಗೆ ಉರುಳಿತು. ನಾನು ಬಗ್ಗುವ ಮೊದಲೇ ಜಾನಕಿ ಅಂಚಿನಿಂದ ಅರ್ಧ ಕೆಳಗೆ ಬಾಗಿಯಾಗಿತ್ತು. ಅವಳ ಸೊಂಟವನ್ನು ನಾನು ಎರಡೂ ಕೈಯಿಂದ ಹಿಡಿದದ್ದು ನೆನಪಿದೆ, ಹಿಡಿದದ್ದು ಹೆಚ್ಚು ಗಟ್ಟಿಯಾಯಿತೇನೋ ಎಂದು ಇನ್ನೂ ಹೆದರಿದ್ದು ನೆನಪಿದೆ. ಅಂದಿನಿಂದ ದಾಳ ತೆಂಗಿನ ಚಿಪ್ಪಿನೊಳಗೆ. ಅಲುಗಿಸುವವನು ನಾನು. ಅವಳು ನನ್ನನ್ನು ದಿನಾ ಕಳ್ಳ ಎನ್ನುತ್ತಿದ್ದಳು. ಕಳ್ಳನೆನ್ನಿಸಿಕೊಂಡು ಅಷ್ಟು ನೆಮ್ಮದಿಪಟ್ಟವರು ಕೊಡಗಿನಲ್ಲಿ ಬೇರೆ ಯಾರೂ ಇರಲಾರರು.

ಅದೃಷ್ಟದ ಜಾತಿಯಲ್ಲಿ ಲೂಡೋಕ್ಕೆ ಮೊದಲ ಸ್ಥಾನ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಆದರೆ ಅದೇ ಜಾತಿಯ ಇನ್ನೊಂದು ಹೊಸ ಮಾಲು ಬಂದಿದೆ, ಬಣ್ಣ ನೋಡಿ ಎಂದು ಕಾಕ ಕರೆದು ಬಿಚ್ಚಿ ತೋರಿಸಿದರು. ನಿಜಕ್ಕೂ ಬಣ್ಣ ಎಂದರೆ ಬಣ್ಣ. ತಂದು ಲೂಡೋದ ಜಾಗದಲ್ಲಿ ತೂಗಿಸಿದೆ. ಜಾನಕಿಗೂ ಖುಷಿಯಾಯಿತು. ಅದರ ಹೆಸರು ಹಾವು ಏಣಿ ಆಟ.

ಕಾಫಿ ಪಿಕ್ಕಿಂಗ್ ಮುಗಿಯುತ್ತಿದ್ದ ಆ ದಿನಗಳಲ್ಲಿ ನನ್ನ ಅವ್ವ ಕರಿಕೆಯಲ್ಲಿರುವ ನಮ್ಮ ಊರಮನೆಯಿಂದ ಬಂದಳು. ಬಸ್ಸಿಳಿದು, ಕಾಲು ತೊಳೆದು, ಸೊಸೆಯನ್ನು ನೋಡಲು ಒಳಗೆ ಹೋದಳು. ಹೋದವಳು ಹೊಸಿಲಲ್ಲೇ ನಿಂತಳು. ನಾನು ಹಿಂದಿನಿಂದ ಅವಳ ಗಂಟು ಹಿಡಿದು ಬಂದೆ. ಅವಳ ಭುಜದ ಮೇಲಿಂದ ನೋಡಿದಾಗಲೇ ನನಗೂ ಅದು ಅವಳ ಕಣ್ಣಿನಿಂದ ಕಂಡಿತು. ಎರಡು ಸಲ ಕಳೆದುಕೊಂಡವಳ ಹೊಟ್ಟೆಯ ನೇರ ಮೇಲೆ, ಹಸಿರು, ಕೆಂಪು, ಹಳದಿ ಹಾವುಗಳು, ಎಲ್ಲವೂ ಹೆಡೆ ಎತ್ತಿ, ಬಾಯಿ ತೆರೆದು.

ನಮ್ಮಲ್ಲಿ ಬಸಿರು ನಿಲ್ಲದಿದ್ದರೆ ಮೊದಲು ಕೇಳುವುದು ನಾಗನ ವಿಚಾರ. ಅವ್ವ ಎರಡನೆಯ ಸಲದ ನಂತರವೇ ಮನೆಯ ನಾಗಬನಕ್ಕೆ ಹರಕೆ ಹೊತ್ತು, ಅಂದಿನಿಂದ ಮಂಗಳವಾರ ಒಪ್ಪೊತ್ತು ಮಾಡುತ್ತಿದ್ದಳು. ಅಷ್ಟು ಮಾಡಿದವಳ ಮಗ ನಾಗನನ್ನು ಹಗ್ಗದಲ್ಲಿ ಕಟ್ಟಿ ತೂಗಿಸಿ ಅದರ ಬಾಯಿಗೆ ಕಾಯಿ ಹಾಕಿ ಆಡುತ್ತಿದ್ದ.

ಅವ್ವ ಕೂಗಲಿಲ್ಲ. ಕೂಗಿದ್ದರೆ ಒಳ್ಳೆಯದಿತ್ತು. ನನ್ನ ಜೊತೆ ಮಾತು ಬಿಟ್ಟಳು. ನನಗೆ ಹೇಳಬೇಕಾದದ್ದನ್ನೆಲ್ಲ ಪೂವಮ್ಮಕ್ಕನಿಗೆ ಹೇಳುವಳು, ನಾನು ಎದುರೇ ನಿಂತಿದ್ದರೂ. "ಪೂವಮ್ಮ, ಅವಂಗೆ ಹೇಳ್, ಅದರ ಇಳಿಸೊಕು."

ಇಳಿಸಿದೆ. ಇಳಿಸಿ ಎಲ್ಲಿಡುವುದು? ಸುಡುವಂತಿಲ್ಲ, ಹಾವು ಸುಟ್ಟ ದೋಷ. ಎಸೆಯುವಂತಿಲ್ಲ. ಕಾಕನಿಗೆ ಹಿಂದಿರುಗಿಸಿದರೆ ದೋಷ ಅವರ ಮನೆಗೆ, ಅದಕ್ಕೂ ಅವ್ವ ಒಪ್ಪಳು. ನನಗೊಂದು ಉಪಾಯ ಹೊಳೆಯಿತು. ಹಾವುಗಳ ಮೇಲೆ ಕಾಗದ ಅಂಟಿಸಿ ಕರಿಮೆಣಸಿನ ಬಳ್ಳಿ ಬರೆದುಬಿಡೋಣ, ಏಣಿಯಲ್ಲಿ ಹತ್ತಿ ಬಳ್ಳಿ ಹಿಡಿದು ಜಾರಿದರಾಯಿತು ಎಂದೆ. ಅವ್ವ ಪೂವಮ್ಮಕ್ಕನ ಕಡೆ ನೋಡಿ, ಹುತ್ತಕ್ಕೆ ಮುಚ್ಚಳ ಹಾಕಿದರೆ ಒಳಗಿನದ್ದು ಹೋಗಿಬಿಡುತ್ತದೋ ಕೇಳು ಅವನನ್ನು ಎಂದಳು. ಕೊನೆಗೆ ತಾನೇ ಬೋರ್ಡನ್ನು ಹೊಸ ಬಟ್ಟೆಯ ಮೇಲೆ ಮಲಗಿಸಿ ಪ್ರತಿಯೊಂದು ಹಾವಿಗೂ ಅರಸಿನ ಹಚ್ಚಿದಳು. ಯಾವುದಕ್ಕೂ ಇರಲಿ ಎಂದು ಏಣಿಗಳಿಗೂ ಹಚ್ಚಿದಳು. ಸುತ್ತಿ ದೇವರ ಮೂಲೆಯಲ್ಲಿಟ್ಟಳು. ಕಾಕನ ಅಂಗಡಿಯ ಮಾಲಿಗೆ ನಮ್ಮ ಮನೆಯಲ್ಲಿ ದೀಪ ಹಚ್ಚುವುದು ಶುರುವಾಯಿತು.

ಏಣಿಗೆ ಅರಸಿನ ಹಚ್ಚುವುದನ್ನು ಮಂಚದಿಂದ ನೋಡಿದ ಜಾನಕಿಗೆ ನಗು ತಡೆಯಲಾಗಲಿಲ್ಲ. ಬಾಯಿಗೆ ಸೆರಗು ತುರುಕಿಕೊಂಡಳು. ಮಂಚ ಅಲುಗುತ್ತಿತ್ತು. ನಗುವುದಕ್ಕೆ ಡಾಕ್ಟರಮ್ಮ ಒಪ್ಪಿದ್ದರೋ ಇಲ್ಲವೋ ನನಗೆ ನೆನಪಾಗಲಿಲ್ಲ. ನಾನೂ ಪೂವಮ್ಮಕ್ಕನೂ ಮಂಚದ ಎರಡು ಕಡೆ ಹಿಡಿದು, ನಗಬೇಡ, ನಗಬೇಡ ಎಂದು ಬೇಡಿಕೊಳ್ಳುತ್ತಿದ್ದೆವು. ಅವ್ವ ಮಾತ್ರ ತಿರುಗಿ ನೋಡಲಿಲ್ಲ.

ಹೇಳಲು ಇದು ನಗೆಯ ಕಥೆ. ಆದರೆ ಅದೇ ವಾರ ಜಾನಕಿಗೆ ಸೊಂಟದಲ್ಲಿ ಸಣ್ಣಗೆ ನೋವು ಬಂದು ಹೋಯಿತು. ಅವ್ವ ನನ್ನನ್ನು ಒಂದು ಸಲ ನೋಡಿದಳು. ಹಾವು ಕಾರಣವಲ್ಲವೆಂದು ನನಗೆ ಗೊತ್ತು, ನಾಲ್ಕಕ್ಷರ ಕಲಿತವನು. ಗೊತ್ತಿದ್ದೂ ಸಂಜೆ ದೀಪದ ಮುಂದೆ ನಾನೇ ಮೊದಲು ಕೈ ಮುಗಿದು ನಿಲ್ಲುತ್ತಿದ್ದೆ.

ತಲೆ ಓಡಿಸುವ ಜಾತಿಯಲ್ಲಿ ಬಂದದ್ದು ಚೀನಾದ್ದೆಂದು ಕಾಕ ಹೇಳಿದ, ನಕ್ಷತ್ರದ ಆಕಾರದ ಬೋರ್ಡು, ಗುಳಿಗಳಲ್ಲಿ ಬಣ್ಣದ ಗೋಲಿ. ಒಂದು ತುದಿಯಿಂದ ಎದುರು ತುದಿಗೆ, ಬೇರೆ ಗೋಲಿಗಳ ತಲೆ ದಾಟಿಸುತ್ತ ಸಾಗಿಸಬೇಕು. ಇದನ್ನು ತೂಗಿಸಲು ಬರುವುದಿಲ್ಲ. ಪೂವಮ್ಮಕ್ಕ ಹಲಗೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಮಂಚಕ್ಕೆ ತಾಗಿ ಕೂರುವಳು, ಜಾನಕಿ ಕೈ ಮಾತ್ರ ಚಾಚಿ ಆಡುವಳು. ಅಕ್ಕ ತಂಗಿ ಎದುರು ಬದುರು ಕೂರಬಾರದೆಂಬ ಕಟ್ಟಳೆ ಚೀನಾ ದೇಶದ ಆಟಕ್ಕೆ ತಾಗುವುದಿಲ್ಲವೆಂದು ಪೂವಮ್ಮಕ್ಕ ತಾನೇ ನಿಶ್ಚಯಿಸಿದ್ದಳು. ಸೋಲು ಹತ್ತಿರ ಬಂದಾಗ ಅವಳಿಗೆ ತೊಡೆ ಜೋಮು ಹಿಡಿಯುತ್ತಿತ್ತು. ಗೋಲಿಗಳೆಲ್ಲ ಮನೆ ತುಂಬ ಉರುಳುತ್ತಿದ್ದವು. ಅಂಥದ್ದೊಂದು ಸೋಲಿನಲ್ಲಿ ಹೋದದ್ದೇ ಮೊನ್ನೆ ಸಿಕ್ಕಿದ ಗೋಲಿ ಇರಬೇಕು.

ವ್ಯಾಪಾರದ ಆಟ ಕೊನೆಗೆ ಬಂತು. ಬೊಂಬಾಯಿಯ ಬೀದಿಗಳನ್ನು, ರೈಲು ಸ್ಟೇಷನುಗಳನ್ನು ಕಾಗದದ ನೋಟು ಕೊಟ್ಟು ಕೊಳ್ಳುವುದು. ಇದರಲ್ಲಿ ಜಾನಕಿಯನ್ನು ಹಿಡಿಯುವವರಿರಲಿಲ್ಲ. ಒಂದು ಸಂಜೆ ಎಲ್ಲ ಸ್ಟೇಷನುಗಳನ್ನೂ ಎದೆಯ ಮೇಲೆ ಹರಡಿಕೊಂಡು ತೊಲೆ ನೋಡುತ್ತ ಮಲಗಿದ್ದಳು. ಗೆದ್ದವಳ ಮುಖವಲ್ಲ ಅದು. "ಬೊಂಬಾಯಿ ಇಡೀ ನಂದ್," ಎಂದಳು. "ಅಡಿಗೆಮನೆವರೆಗೆ ಹೋಗಿಕೆ ದಾರಿ ಇಲ್ಲೆ."

ಆಮೇಲೆ ಅವಳು ಆ ಡಬ್ಬಿ ಮುಟ್ಟಲಿಲ್ಲ. ಲೂಡೋವನ್ನೂ ಮುಟ್ಟಲಿಲ್ಲ. ಕಾಕನ ಮೇಲಿನ ಸಾಲು ಖಾಲಿಯಾಗಿತ್ತು. ನನಗೆ ಭಯ ಶುರುವಾದದ್ದು ಆಗ. ಹೊಟ್ಟೆ ಬೆಳೆದಿತ್ತು, ಒಳಗಿನದ್ದು ಒದೆಯುತ್ತಿತ್ತು, ಒದ್ದಾಗಲೆಲ್ಲ ಅವಳು ಸಂತೋಷಪಡುವ ಬದಲು ಉಸಿರು ಹಿಡಿಯುತ್ತಿದ್ದಳು. ಮೊದಲಿನ ಎರಡು ಸಲ ಇಷ್ಟು ದೂರ ಬಂದದ್ದೇ ಇಲ್ಲ.

ಹೂಮಳೆ ಬಿದ್ದು ಕಾಫಿ ತೋಟಗಳೆಲ್ಲ ಬೆಳ್ಳಗೆ ಅರಳಿದ್ದ ಒಂದು ಮಧ್ಯಾಹ್ನ, ನಾನು ಊಟಕ್ಕೆ ಬಂದಾಗ, ಜಾನಕಿ ಮಂಚದ ಸರಳು ಹಿಡಿದಿದ್ದಳು. ನೋವು ಬೆಳಗ್ಗೆಯಿಂದಲೇ ಬಂದು ಹೋಗುತ್ತಿತ್ತಂತೆ, ಹೇಳಿರಲಿಲ್ಲ. ಏಳು ತಿಂಗಳು ತುಂಬಿ ಕೆಲವೇ ದಿನವಾಗಿತ್ತು. ಈಗ ಹುಟ್ಟಿದರೆ ಬದುಕುವ ಮಾತಿಲ್ಲವೆಂದು ಎಲ್ಲರಿಗೂ ಗೊತ್ತು.

ಪೇಟೆಯ ಮಿಡ್‌ವೈಫ್ ಅಮ್ಮ ಕಕ್ಕಬೆಯ ಕಡೆ ಹೆರಿಗೆಗೆ ಹೋಗಿದ್ದರು. ಪೋಸ್ಟಾಫೀಸಿಗೆ ಓಡಿ ಮಡಿಕೇರಿಗೆ ಟ್ರಂಕ್ ಕಾಲ್ ಹಾಕಿದೆ. ಡಾಕ್ಟರಮ್ಮನ ದನಿ ಬಾವಿಯ ತಳದಿಂದ ಬಂದಂತೆ ಬಂತು. ಜೀಪು, ಬಸ್ಸು ಯಾವುದರಲ್ಲೂ ತರಬೇಡಿ, ಆ ರಸ್ತೆಯಲ್ಲಿ ಕುಲುಕಿದರೆ ಮುಗಿಯಿತು, ಎಡಮಗ್ಗುಲಲ್ಲಿ ಮಲಗಿಸಿ, ನಾನು ಹೊರಡುತ್ತೇನೆ, ಏಳಲು ಮಾತ್ರ ಬಿಡಬೇಡಿ ಎಂದರು.

ಮನೆಗೆ ಬರುವಾಗ ಅವಳು ಆಗಲೇ ಏಳಲು ನೋಡುತ್ತಿದ್ದಳು. ಹಟ ಅಲ್ಲ, ಹೆದರಿಕೆ. ಚೆಂಬಿನ ಹೆಂಗಸರೆಲ್ಲ ನೋವನ್ನು ನಡೆದೇ ಕಳೆದವರು. "ನನ್ನ ಬಿಡಿ. ನಡ್ದರೆ ಕಮ್ಮಿ ಆದೆ. ಒಂದ್ಸಲ ನಡಿತೆ, ಅಷ್ಟೇ." ಪೂವಮ್ಮಕ್ಕ ಭುಜ ಹಿಡಿದಿದ್ದಳು, ನಾನು ಕಾಲು ಹಿಡಿದೆ. ಹಿಡಿದಷ್ಟೂ ಅವಳು ಬಿಗಿಯುತ್ತಿದ್ದಳು. ಹೀಗೆ ಹಿಡಿದೇ ನಾವು ಕೆಡಿಸುತ್ತಿದ್ದೇವೇನೋ ಅನ್ನಿಸಿತು. ಬಿಡಲೂ ಧೈರ್ಯವಿಲ್ಲ.

ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು ಹೇಳಿದಳು, "ಪೂವಮ್ಮ, ಅವಂಗೆ ಹೇಳ್. ಅಟ್ಟಂದ ಚೆನ್ನೆಮಣೆ ತರಿಕೆ."

ಪೂವಮ್ಮಕ್ಕ ತಲೆ ಎತ್ತಿದಳು. "ಅತ್ತೆ, ಆಟಿ ಬಾಕೆ ಇನ್ನೂ ತಿಂಗಳು ಎಷ್ಟುಟ್ಟು."

"ಈ ಮನೆಲಿ ಇಂದಿಂದ ಆಟಿ," ಎಂದಳು ಅವ್ವ. "ಕೇಡು ಬಂದರೆ ನಂಗೆ ಬರಲಿ. ತರಿಕೆ ಹೇಳ್."

ನಾನು ಏಣಿ ಇಡಲೂ ಕಾಯದೆ ಗೋಡೆ ಹಿಡಿದು ಹತ್ತಿ ತಂದೆ. ಅವ್ವ ಮಣೆಯನ್ನು ಮಂಚದ ಎಡಕ್ಕೆ, ಒಂದು ಗಿಡ್ಡ ಪೀಠದ ಮೇಲೆ ಇಟ್ಟು, ಧೂಳು ಒರೆಸಿ, ನೆಲದಲ್ಲಿ ಕೂತು ಗುಳಿಗೆ ಕಾಳು ತುಂಬತೊಡಗಿದಳು. ನನ್ನನ್ನೂ ಪೂವಮ್ಮಕ್ಕನನ್ನೂ ಕೈ ಬಿಡುವಂತೆ ಸನ್ನೆ ಮಾಡಿದಳು. ಜಾನಕಿ ಮದುವೆಯಾಗಿ ಬಂದಂದಿನಿಂದ ಅತ್ತೆ ಸೊಸೆ ಎದುರು ಬದುರು ಕೂತು ಆಡಿದ್ದಿಲ್ಲ. ಆಟಿಯಲ್ಲಿ ಇಲ್ಲಿಗೆ ಬಂದಾಗ ಅವ್ವ ನೆರೆಮನೆಯವರ ಜೊತೆ ಆಡುವಳು, ಸೊಸೆ ಚಹಾ ತಂದಿಡುವಳು, ಅಷ್ಟೇ.

"ಮಗ್ಗುಲಾಗ್ ಗೂಡೆ. ಹಾಂಗೆ. ಮೊದಲ ಕೈ ನಿಂದ್," ಎಂದಳು ಅವ್ವ. ಗೂಡೆ ಎಂದರೆ ನಮ್ಮ ಮಾತಿನಲ್ಲಿ ಹುಡುಗಿ.

ಜಾನಕಿ ಎಡಮಗ್ಗುಲಾದಳು. ಕೈ ಮಂಚದಿಂದ ಕೆಳಗೆ ಇಳಿಬಿಟ್ಟಳು. ಮೊದಲ ಗುಳಿಯ ಕಾಳು ತೆಗೆದ ಬೆರಳುಗಳ ನಡುವಿನಿಂದ ಎರಡು ಕಾಳು ಹೊರಗೆ ಬಿದ್ದವು. ಅವ್ವ ಎತ್ತಿ ಅವಳ ಅಂಗೈಗೇ ಇಟ್ಟಳು. ಜಾನಕಿ ಬಿತ್ತಿದಳು. ಅವ್ವ ಬಿತ್ತಿದಳು. ನೋವು ಬಂದಾಗ ಜಾನಕಿಯ ಮುಷ್ಟಿ ಕಾಳಿನ ಸಮೇತ ಮುಚ್ಚಿಕೊಳ್ಳುತ್ತಿತ್ತು, ಗೆಣ್ಣು ಬೆಳ್ಳಗಾಗುತ್ತಿತ್ತು. ಅವ್ವ ಅವಸರಿಸಲಿಲ್ಲ, ಸಮಾಧಾನ ಹೇಳಲಿಲ್ಲ. ಅವಳ ಕಣ್ಣು ಮಣೆಯ ಮೇಲೆಯೇ. ಮುಷ್ಟಿ ಬಿಚ್ಚಿದ ಮೇಲೆ ಬಿಟ್ಟ ಗುಳಿಯನ್ನು ಬೆರಳಿನಿಂದ ತೋರಿಸುವಳು, ಇಲ್ಲಿಂದ ಎನ್ನುವ ಹಾಗೆ.

ಹೊರಗೆ ಕಾಫಿ ಹೂವಿನ ವಾಸನೆ ಎಷ್ಟಿತ್ತೆಂದರೆ ತಲೆ ತಿರುಗುತ್ತಿತ್ತು. ನಾನು ಹೊಸಿಲಲ್ಲಿ ಕೂತು ಕಿವಿಯನ್ನು ರಸ್ತೆಯ ಕಡೆಗೂ ಕಣ್ಣನ್ನು ಆ ಮುಷ್ಟಿಯ ಮೇಲೂ ಇಟ್ಟಿದ್ದೆ. ಒಂದು ಆಟ ಮುಗಿಯಿತು. ಅವ್ವ ಮತ್ತೆ ತುಂಬಿದಳು. ಮುಷ್ಟಿ ಮುಚ್ಚುವುದಕ್ಕೂ ಮುಚ್ಚುವುದಕ್ಕೂ ನಡುವೆ ಹೆಚ್ಚು ಗುಳಿಗಳು ಸಾಗುತ್ತಿವೆಯೆಂದು ನನಗೆ ಅನ್ನಿಸಿತು. ನಂಬಲು ಹೆದರಿ ಪೂವಮ್ಮಕ್ಕನ ಮುಖ ನೋಡಿದೆ. ಅವಳಿಗೂ ಅನ್ನಿಸಿತ್ತು. ಹೇಳಲು ಅವಳಿಗೂ ಹೆದರಿಕೆ.

ಮೂರನೆಯದೋ ನಾಲ್ಕನೆಯದೋ ಆಟದಲ್ಲಿ ಜಾನಕಿ ಒಂದು ದೊಡ್ಡ ಗುಳಿ ಗೆದ್ದಳು. "ಅತ್ತೆ, ನೀವು ಬೇಕಂತಲೇ ಬಿಟ್ಟಿರಿ," ಎಂದಳು. ಬೆಳಗಿನಿಂದ ಅವಳಾಡಿದ ಮೊದಲ ಸರಿಯಾದ ಮಾತು ಅದು.

"ನಾ ಯಾರಿಗೂ ಬಿಟ್ಟವಳಲ್ಲ," ಎಂದಳು ಅವ್ವ. "ಆಡ್."

ಡಾಕ್ಟರಮ್ಮನ ಕಾರು ಬರುವಾಗ ಹೊತ್ತು ಇಳಿದಿತ್ತು. ಚುಚ್ಚುಮದ್ದು ಕೊಟ್ಟರು, ಹೊಟ್ಟೆಗೆ ಕಿವಿಯಿಟ್ಟು ಬಹಳ ಹೊತ್ತು ಕೇಳಿದರು. ನಿಂತಿದೆ, ಸದ್ಯಕ್ಕೆ ನಿಂತಿದೆ ಎಂದರು. ಚೆನ್ನೆಮಣೆಯನ್ನು ನೋಡಿದರು. ಹೋಗುವಾಗ, ಇದನ್ನು ಇಲ್ಲಿಂದ ತೆಗೆಯಬೇಡಿ ಎಂದು ಹೇಳಿ ಹೋದರು.

ಹಾಗಾಗಿ ಆ ವರ್ಷದ ಹೊಸ ಆಟಗಳಲ್ಲಿ ನನ್ನ ಮೆಚ್ಚಿನದು ಯಾವುದೆಂದು ಕೇಳಿದರೆ ನಾನು ಚೆನ್ನೆ ಎನ್ನುತ್ತೇನೆ. ಅದು ಹಳೆಯದು, ನಮ್ಮ ಅಜ್ಜಿಯ ಅಜ್ಜಿಯೂ ಆಡಿದ್ದು, ಸರಿ. ಆದರೆ ಹೂಮಳೆಯ ಕಾಲದಲ್ಲಿ, ಮಂಚದ ಮೇಲಿಂದ ಕೈ ಇಳಿಬಿಟ್ಟು, ಅತ್ತೆಯೂ ಸೊಸೆಯೂ ಆಡಿದ ಚೆನ್ನೆಯನ್ನು ಅದಕ್ಕೆ ಮೊದಲು ಯಾರೂ ನೋಡಿರಲಿಲ್ಲ.

ಬಿಸು ಹಬ್ಬ ಕಳೆದು ಕೆಲವು ದಿನಕ್ಕೆ, ತಿಂಗಳು ತುಂಬಿದ ಮೇಲೆ, ಡಾಕ್ಟರಮ್ಮನ ಕಾರಿನಲ್ಲೇ ಎತ್ತಿನ ಗಾಡಿಯ ವೇಗದಲ್ಲಿ ಅವಳನ್ನು ಮಡಿಕೇರಿ ಆಸ್ಪತ್ರೆಗೆ ಒಯ್ದೆವು. ನಾನು ವರಾಂಡದ ಬೆಂಚಿನಲ್ಲಿ ಕೂತೆ. ಅವ್ವನಿಗೆ ಒಳಗೆ ಬಿಟ್ಟಿದ್ದರು. ಪೂವಮ್ಮಕ್ಕ ಮನೆಯಲ್ಲಿದ್ದಳು, ಹಾಗಾಗಿ ಅವ್ವನ ಮಾತನ್ನು ನನಗೆ ದಾಟಿಸುವವರು ಅಲ್ಲಿ ಯಾರೂ ಇರಲಿಲ್ಲ. ಬಾಗಿಲು ತೆರೆದಾಗಲೆಲ್ಲ ನಾನು ಎದ್ದು ನಿಲ್ಲುವೆ, ನರ್ಸು ಬಕೆಟ್ ಹಿಡಿದು ಹಾದುಹೋಗುವರು, ನಾನು ಕೂರುವೆ. ಒಳಗಿಂದ ಯಾವ ಸದ್ದೂ ಇಲ್ಲ. ಆಮೇಲೆ ಇನ್ನೊಂದು ಸಲ ಬಾಗಿಲು ತೆರೆಯಿತು. ಈ ಸಲ ಅವ್ವ. ಸೀರೆಯ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಬಂದು ನನ್ನ ಎದುರು ನಿಂತಳು. ಆಚೀಚೆ ನೋಡಿದಳು, ಹೇಳಲು ಬೇರೆ ಯಾರಾದರೂ ಇದ್ದಾರೆಯೇ ಎನ್ನುವಂತೆ.

"ಮಗಳ್," ಎಂದಳು, ನನ್ನನ್ನೇ ನೋಡಿ. "ಇಬ್ಬರೂ ಲಾಯ್ಕ ಒಳ, ಎಂತ ತೊಂದರೆ ಇಲ್ಲೆ. ಕೈ ತೊಳ್ದ್ ಒಳಗೆ ಹೋಗ್ ಮಗ."

ಅಷ್ಟು ತಿಂಗಳ ಮೇಲೆ ಅವ್ವ ನನಗೆ ಆಡಿದ ಮೊದಲ ಮಾತು ಅದು. ನಾನು ಹೋಗಿ ನಲ್ಲಿಯ ಕೆಳಗೆ ಮೊಣಕೈಯವರೆಗೆ ತೊಳೆದೆ, ಮತ್ತೊಮ್ಮೆ ತೊಳೆದೆ, ಒರೆಸಲು ಏನೂ ಇಲ್ಲದೆ ಒದ್ದೆ ಕೈ ಮುಂದೆ ಹಿಡಿದುಕೊಂಡೇ ಒಳಗೆ ಹೋದೆ.

ಇಷ್ಟು ಹೊಡೆಯಲು ನನಗೆ ಎಷ್ಟೋ ಭಾನುವಾರ ಹಿಡಿಯಿತು, ಬೆರಳ ತುದಿ ನೋಯುತ್ತಿದೆ. ನಿಮ್ಮ ಮನೆಯಲ್ಲೂ ಯಾರನ್ನಾದರೂ ಹಾಸಿಗೆಯಲ್ಲಿ ಹಿಡಿದಿಡಬೇಕಾಗಿ ಬಂದಿರಬಹುದು. ಕಾಲು ಮುರಿದವರು, ಜ್ವರದವರು, ನಮ್ಮವಳಂತೆ ಕಾಯುವವರು. ಅವರ ಪಕ್ಕ ಕೂತು ನೀವು ಏನು ಆಡಿದಿರಿ, ಯಾವ ಕಟ್ಟಳೆ ಮುರಿದಿರಿ, ಪುರುಸೊತ್ತಿದ್ದರೆ ಬರೆದು ಕಳಿಸಿ. ನಾನು ಓದುವುದು ನಿಧಾನ. ಆದರೆ ಒಂದನ್ನೂ ಬಿಡದೆ ಓದುತ್ತೇನೆ.